ಮಳೆಯ ಹೆಸರಿನ ದುಡ್ಡು, ಗುಡುಗುವ ಹೊಗೆ

ಬೋಟ್ಸ್ವಾನಾ ದೇಶದಲ್ಲಿ ದುಡ್ಡಿಗೆ ‘ಪುಲಾ’ ಎನ್ನುತ್ತಾರೆ. ಅಲ್ಲಿಯ ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಎಂದರೆ ಮಳೆ. 1976ರಲ್ಲಿ ಸ್ವಂತ ನಾಣ್ಯ ಚಲಾವಣೆಗೆ ತಂದಾಗ ಆ ಜನ ತಮ್ಮ ದುಡ್ಡಿಗೆ ಇಟ್ಟ ಹೆಸರು ಅದು. ದೇಶದ ಬಹುಭಾಗ ಕಲಹಾರಿ ಎಂಬ ಮರಳುಗಾಡು. ಅಂಥ ಕಡೆ ಮಳೆಗಿಂತ ದೊಡ್ಡ ಸಂಪತ್ತು ಇನ್ನಾವುದಿದ್ದೀತು? ಸಭೆಗಳಲ್ಲಿ ಭಾಷಣ ಮುಗಿದಾಗ ನಾವು ‘ಜೈ’ ಎನ್ನುವಂತೆ ಅವರು ‘ಪುಲಾ!’ ಎಂದು ಕೂಗುತ್ತಾರೆ. ಮುಂಗಾರಿಗೆ ಮುಗಿಲು ನೋಡುತ್ತ ಬೆಳೆದ ನನ್ನಂಥ ಹಾವೇರಿ ಸೀಮೆಯವಳಿಗೆ ಇದು ಕೇಳಿದ ಕೂಡಲೇ ಅರ್ಥವಾಗುವ ಮಾತು.

ಇದನ್ನು ನನಗೆ ಹೇಳಿಕೊಟ್ಟವಳು ಹನ್ನೆರಡು ವರ್ಷದ ಮೊಮ್ಮಗಳು ಪುಟ್ಟಿ. ನನ್ನ ಮಗ ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಪುಟ್ಟಿ ಹುಟ್ಟಿದ್ದು, ಬೆಳೆದದ್ದು ಅಲ್ಲೇ. ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಸೆಟ್ಸ್ವಾನಾ. ಕನ್ನಡ ಅವಳ ಕಿವಿಯಲ್ಲಿತ್ತು, ನಾಲಿಗೆಗೆ ಇಳಿದಿರಲಿಲ್ಲ. ಭಾನುವಾರದ ಫೋನಿನಲ್ಲಿ ‘ಅಜ್ಜಿ, ಆರಾಮಾ?’ ‘ಆರಾಮ ಅದೀನಿ, ನೀನು?’ ‘ಆರಾಮ.’ ಅಲ್ಲಿಗೆ ನಮ್ಮಿಬ್ಬರ ಮಾತು ತೀರುತ್ತಿತ್ತು. ಆಮೇಲೆ ಫೋನು ಅವಳ ಅಪ್ಪನ ಕೈಗೆ ಹೋಗುತ್ತಿತ್ತು.

ಅದಕ್ಕೇ ಮಗ ಒಂದು ಉಪಾಯ ಹೂಡಿದ. ಆಗಸ್ಟ್ ರಜೆಯಲ್ಲಿ ನಮ್ಮಿಬ್ಬರನ್ನೂ ಹದಿನೈದು ದಿನಗಳ ಗುಂಪು ಪ್ರವಾಸಕ್ಕೆ ಸೇರಿಸಿಬಿಟ್ಟ. ನಮೀಬಿಯಾದ ವಿಂಡ್‌ಹೋಕ್‌ನಿಂದ ಹೊರಟು, ಬೋಟ್ಸ್ವಾನಾ ದಾಟಿ, ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತದ ಬಳಿ ಮುಗಿಯುವ ಭೂಮಾರ್ಗದ ಪ್ರಯಾಣ. ಹೋಟೆಲು ಇಲ್ಲ, ಪ್ರತಿ ರಾತ್ರಿ ಡೇರೆಯಲ್ಲೇ ವಾಸ. ‘ಒಂದೇ ಡೇರೆಯಲ್ಲಿ ಹದಿನಾಲ್ಕು ರಾತ್ರಿ ಮಲಗಿದರೆ ಯಾರಾದರೂ ಒಬ್ಬರು ಮಾತಾಡಲೇಬೇಕಲ್ಲ’ ಎಂದು ನಕ್ಕ. ನಮೀಬಿಯಾದ ಕೆಂಪು ಮರಳುದಿಬ್ಬಗಳ ಕಥೆ ಇನ್ನೊಮ್ಮೆ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ಕೊನೆಯ ಐದು ದಿನಗಳ ಮಾತು.

ಉರುಳುವ ಮನೆ

ಟ್ರಕ್ಕು ಎಂದೊಡನೆ ಇಟ್ಟಿಗೆ ಸಾಗಿಸುವ ಲಾರಿ ನೆನೆಯಬೇಡಿ. ತಳ ಲಾರಿಯದ್ದೇ, ಮೇಲೆ ಮಾತ್ರ ಬಸ್ಸಿನಂತೆ ಆಸನಗಳು, ದೊಡ್ಡ ಕಿಟಕಿಗಳು. ಹೊಟ್ಟೆಯ ಭಾಗದಲ್ಲಿ ಖಾನೆಗಳಿವೆ. ಒಂದರಲ್ಲಿ ಡೇರೆಗಳು, ಒಂದರಲ್ಲಿ ಮಡಚುವ ಕುರ್ಚಿಗಳು, ಇನ್ನೊಂದರಲ್ಲಿ ಗ್ಯಾಸಿನ ಒಲೆ, ಪಾತ್ರೆ ಪಡಗ. ಜೊತೆಗೆ ಕುಡಿಯುವ ನೀರಿನ ತೊಟ್ಟಿ. ಪ್ರಯಾಣಿಕರು ಹದಿನಾರು ಮಂದಿ. ಜರ್ಮನಿಯ ಅಕ್ಕತಂಗಿಯರು, ಕೊರಿಯಾದ ಒಬ್ಬ ವಿದ್ಯಾರ್ಥಿ, ನಿವೃತ್ತ ಡಚ್ ದಂಪತಿ, ಹೀಗೆ ಊರೂರಿನವರು. ಚಾಲಕ ಜಿಂಬಾಬ್ವೆಯವನು. ಅಡುಗೆ ಮಾಡುತ್ತ ದಾರಿಯ ಕಥೆ ಹೇಳುವ ಹುಡುಗ ಬೋಟ್ಸ್ವಾನಾದವನು. ಅವನು ನನ್ನನ್ನು ‘ಎನ್‌ಕೂಕು’ ಎಂದು ಕರೆಯುತ್ತಿದ್ದ. ಅಂದರೆ ಅಜ್ಜಿ.

ಟ್ರಕ್ಕಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದರು. ಇಂದು ತರಕಾರಿ ಹೆಚ್ಚುವವರು ಯಾರು, ಪಾತ್ರೆ ತೊಳೆಯುವವರು ಯಾರು, ಟ್ರಕ್ಕು ಗುಡಿಸುವವರು ಯಾರು ಎಂದು. ಅರವತ್ತನಾಲ್ಕು ವರ್ಷದವಳೆಂದು ನನಗೆ ರಿಯಾಯಿತಿ ಕೊಡಲು ಬಂದರು. ನಾನು ಒಪ್ಪಲಿಲ್ಲ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಸರದಿಯ ಪಾಠ ಹೇಳಿದವಳು ಸರದಿ ತಪ್ಪಿಸಿದರೆ ಹೇಗೆ?

ಪಾತ್ರೆ ತೊಳೆದ ಮೇಲೆ ಒರೆಸಲು ಬಟ್ಟೆ ಇಲ್ಲ. ಒದ್ದೆ ಬಟ್ಟೆಯಿಂದ ರೋಗಾಣು ಹರಡಿ ಗುಂಪಿಗೆಲ್ಲ ಹೊಟ್ಟೆ ಕೆಟ್ಟೀತೆಂದು, ತಟ್ಟೆ ಲೋಟಗಳನ್ನು ಗಾಳಿಯಲ್ಲಿ ಬೀಸಿ ಬೀಸಿಯೇ ಒಣಗಿಸಬೇಕು. ಹದಿನೆಂಟು ಮಂದಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬೀಸುತ್ತ ನಿಂತರೆ, ದೂರದಿಂದ ನೋಡಿದವರು ಇದ್ಯಾವ ಊರಿನ ಕುಣಿತ ಎಂದುಕೊಳ್ಳಬೇಕು!

ಪುಟ್ಟಿಯ ಬಳಿ ಒಂದು ನೋಟ್‌ಬುಕ್ ಇತ್ತು. ಮೊದಲ ವಾರದಲ್ಲೇ ಅದರಲ್ಲಿ ಎರಡು ಸಾಲುಮನೆ ಎಳೆದಿದ್ದಳು. ಒಂದು ಕಡೆ ಸೆಟ್ಸ್ವಾನಾ ಮಾತು, ಇನ್ನೊಂದು ಕಡೆ ಕನ್ನಡದ್ದು. ಅವಳು ನನಗೊಂದು ಪದ ಕಲಿಸಬೇಕು, ನಾನು ಅವಳಿಗೊಂದು. ಕನ್ನಡ ಅಕ್ಷರವನ್ನೂ ಅವಳೇ ಬರೆಯಬೇಕು. ಕೊನೆಯ ಐದು ದಿನಕ್ಕೆ ಬರುವ ಹೊತ್ತಿಗೆ ನಾವು ನಾಲ್ಕನೇ ಪುಟದಲ್ಲಿದ್ದೆವು.

ಸಮುದ್ರ ಸೇರದ ನದಿ

ಹನ್ನೊಂದನೇ ದಿನ ನಾವಿದ್ದ ಊರಿನ ಹೆಸರು ಮೌನ್. ಹೆಸರು ಕೇಳಿ ಮೌನವಾಗಿರುವ ಊರು ಎಂದುಕೊಳ್ಳಬೇಡಿ. ಪ್ರವಾಸಿಗರು, ಜೀಪುಗಳು, ಪುಟ್ಟ ವಿಮಾನಗಳು ಎಲ್ಲ ಸೇರಿ ಗಲಗಲ ಎನ್ನುವ ಊರು ಅದು. ಎಲ್ಲರೂ ಬರುವುದು ಓಕವಾಂಗೋ ನದಿಯ ಮುಖಜಭೂಮಿಯನ್ನು ನೋಡಲು.

ಮಕ್ಕಳೇ, ನದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಮುದ್ರಕ್ಕೆ ಎನ್ನುತ್ತೀರಿ. ನಾನೂ ಶಾಲೆಯಲ್ಲಿ ಹಾಗೇ ಕಲಿಸಿದ್ದೇನೆ. ಓಕವಾಂಗೋ ಸಮುದ್ರ ಸೇರುವುದಿಲ್ಲ. ಅದು ಅಂಗೋಲಾದ ಎತ್ತರದ ನಾಡಿನಲ್ಲಿ ಹುಟ್ಟಿ, ನಮೀಬಿಯಾದ ಒಂದು ಕಿರುಪಟ್ಟಿಯನ್ನು ದಾಟಿ, ಬೋಟ್ಸ್ವಾನಾದ ಮರಳಿಗೆ ಬಂದು ಅಂಗೈ ಬೆರಳು ಬಿಡಿಸಿದಂತೆ ಹರಡಿಕೊಳ್ಳುತ್ತದೆ. ಆಮೇಲೆ ಮುಂದೆ ಹೋಗುವುದಿಲ್ಲ. ಗಿಡಮರಗಳು ಹೀರಿದಷ್ಟು, ಬಿಸಿಲು ಕುಡಿದಷ್ಟು, ಮರಳಿಗೆ ಇಳಿದಷ್ಟು ಹೋಗಿ ಉಳಿಯುವುದು ತೀರ ಸ್ವಲ್ಪ. ಇನ್ನೊಂದು ಸೋಜಿಗವಿದೆ. ಅಂಗೋಲಾದಲ್ಲಿ ಮಳೆ ಸುರಿಯುವುದು ವರ್ಷದ ಆರಂಭದ ತಿಂಗಳುಗಳಲ್ಲಿ. ನೆಲ ಎಷ್ಟು ಸಮತಟ್ಟೆಂದರೆ ಆ ನೀರು ತೆವಳುತ್ತ ಮೌನ್ ಕಡೆಗೆ ಬರಲು ತಿಂಗಳುಗಳೇ ಬೇಕು. ಹೀಗಾಗಿ ಇಲ್ಲಿ ಒಂದು ಹನಿ ಮಳೆಯಿಲ್ಲದ ಜುಲೈ, ಆಗಸ್ಟ್‌ನಲ್ಲಿ ಪ್ರವಾಹ ಬರುತ್ತದೆ! ಸುತ್ತಲ ನಾಡು ಒಣಗಿ ನಿಂತಾಗಲೇ ನೀರು ತುಂಬುವುದರಿಂದ ಪ್ರಾಣಿಗಳೆಲ್ಲ ಇಲ್ಲಿಗೆ ಓಡಿ ಬರುತ್ತವೆ. 2014ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸಾವಿರದನೇ ತಾಣ ಇದು.

ನೀರಿನ ಮೇಲೆ ಹೋಗಲು ಮೊಕೊರೊ ಎಂಬ ಉದ್ದನೆಯ ಕಿರುದೋಣಿ. ಮೊದಲು ದೊಡ್ಡ ಮರದ ಕಾಂಡವನ್ನು ಕೊರೆದು ಮಾಡುತ್ತಿದ್ದರು. ಮರಗಳನ್ನು ಉಳಿಸಲು ಈಗ ಫೈಬರ್ ಗ್ಲಾಸಿನವು ಬಂದಿವೆ. ಹುಟ್ಟು ಹಾಕುವುದಿಲ್ಲ. ಹಿಂದೆ ನಿಂತವರು ಉದ್ದ ಗಳುವನ್ನು ತಳಕ್ಕೆ ಊರಿ ತಳ್ಳುತ್ತಾರೆ. ನಮ್ಮ ದೋಣಿ ನಡೆಸಿದವಳು ಒಬ್ಬ ಹೆಣ್ಣುಮಗಳು. ನೀರಿಗೂ ನಮಗೂ ನಡುವೆ ಒಂದು ಗೇಣು ಅಂತರ. ಬಿಳಿ ನೈದಿಲೆಗಳು ಕೆನ್ನೆಗೆ ತಾಗುತ್ತಿದ್ದವು. ಗಳು ನೀರಿಗೆ ಇಳಿವ ಸದ್ದು, ಜೊಂಡಿನ ಸರಸರ, ಅಷ್ಟೇ. ದೂರದಲ್ಲಿ ‘ಕುಬು’ ಅಂದರೆ ನೀರಾನೆ ಗೊರಕೆ ಹೊಡೆದಂತೆ ಕೇಳಿದಾಗ ಅವಳು ದೋಣಿಯನ್ನು ಜೊಂಡಿನ ಮರೆಗೆ ಸರಿಸಿ, ಅದು ಮುಳುಗಿ ಬೇರೆಡೆ ಹೋಗುವವರೆಗೆ ಕಾದಳು.

‘ಅಜ್ಜಿ, ಈ ನದಿ ಇಲ್ಲಿ ಸತ್ತುಹೋಯ್ತಾ?’ ಎಂದಳು ಪುಟ್ಟಿ.

‘ಸತ್ತಿಲ್ಲವೇ. ಹಂಚಿ ಹೋಯ್ತು’ ಎಂದೆ.

ಆ ಸಂಜೆ ಡೇರೆಯಲ್ಲಿ ಟಾರ್ಚು ಹಿಡಿದು ‘ಮೆತ್ಸಿ’ ಎಂಬುದರ ಎದುರು ‘ನೀರು’ ಎಂದು ಬರೆದಳು. ಅದರ ಕೆಳಗೆ, ನಾನು ಹೇಳದೆಯೇ, ‘ಹಂಚಿ’ ಎಂದು ಬರೆದು, ಸೆಟ್ಸ್ವಾನಾದ ಜಾಗವನ್ನು ಖಾಲಿ ಬಿಟ್ಟಳು. ಅಪ್ಪನನ್ನೋ ಟೀಚರನ್ನೋ ಕೇಳಿ ತುಂಬಿಸುತ್ತಾಳಂತೆ.

ಸವಣೂರಿನ ಮರದ ತವರುಮನೆ

ಮರುದಿನ ಪೂರ್ವಕ್ಕೆ ಹೊರಟೆವು. ದಾರಿಯಲ್ಲಿ ಒಂದು ಗೇಟು. ಎಲ್ಲರೂ ಇಳಿಯಬೇಕು, ಔಷಧಿ ನೀರಿನಲ್ಲಿ ನೆನೆದ ಚಾಪೆಯ ಮೇಲೆ ಚಪ್ಪಲಿ ಬೂಟು ಒತ್ತಬೇಕು. ಟ್ರಕ್ಕಿನ ಚಕ್ರಕ್ಕೂ ಅದೇ ಸ್ನಾನ. ಕೊರಿಯಾದ ಹುಡುಗನಿಗೆ ಇದೇನೆಂದು ತಿಳಿಯಲಿಲ್ಲ. ನನಗೆ ಹೇಳಬೇಕಾಗಿರಲಿಲ್ಲ. ದನಗಳ ಕಾಲುಬಾಯಿ ಬೇನೆ ಒಂದು ಸೀಮೆಯಿಂದ ಇನ್ನೊಂದಕ್ಕೆ ದಾಟದಿರಲಿ ಎಂದು ಮಾಡಿದ ಕಟ್ಟು ಅದು. ಬೋಟ್ಸ್ವಾನಾದ ಜನಕ್ಕೆ ದನವೇ ಆಸ್ತಿ. ಆ ಬೇನೆ ಬಂದ ವರ್ಷ ನಮ್ಮ ಹಟ್ಟಿಯ ಎತ್ತು ಹೇಗೆ ಜೊಲ್ಲು ಸುರಿಸುತ್ತ ನಿಂತಿತ್ತು ಎಂದು ಪುಟ್ಟಿಗೆ ಹೇಳಿದೆ. ಟ್ರಕ್ಕಿನಲ್ಲಿ ಅರ್ಧ ತಾಸು ಅದೇ ಕಥೆ ನಡೆಯಿತು.

ಸಂಜೆಗೆ ಗ್ವೇಟಾ ಎಂಬ ಊರಿನ ಬಳಿ ಡೇರೆ ಹಾಕಿದೆವು. ಅದರ ದಕ್ಷಿಣಕ್ಕೆ ಹಬ್ಬಿರುವುದು ಮಕ್ಗಾಡಿಕ್ಗಾಡಿ ಉಪ್ಪಿನ ಬಯಲು. ಬಹಳ ಹಿಂದೆ ಅಲ್ಲಿ ದೊಡ್ಡ ಸರೋವರವಿತ್ತು. ಅದು ಬತ್ತಿ ಉಪ್ಪು ಉಳಿಯಿತು. ಕಣ್ಣು ಹಾಯಿಸಿದಷ್ಟು ದೂರ ಬೆಳ್ಳಗೆ, ಒಂದು ಹುಲ್ಲುಕಡ್ಡಿಯೂ ಇಲ್ಲ. ಆ ಬಯಲಿನ ಅಂಚಿನಲ್ಲಿ ನಿಂತಿದ್ದವು, ನನಗೆ ಚಿರಪರಿಚಿತವಾದ ಮರಗಳು!

ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದ ಮರಗಳನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಆನೆಯ ಕಾಲಿನಂಥ ಬೂದು ಕಾಂಡ, ಹತ್ತಾರು ಮಂದಿ ಕೈ ಕೈ ಹಿಡಿದರೂ ತಬ್ಬಲಾಗದ ದಪ್ಪ, ಎಲೆ ಉದುರಿದಾಗ ಬೇರು ಮೇಲೆ ಮಾಡಿ ನೆಟ್ಟಂತೆ ಕಾಣುವ ಕೊಂಬೆಗಳು. ನಾವು ‘ದೊಡ್ಡ ಹುಣಸೆ’ ಎನ್ನುವ ಆ ಮರದ ತವರು ಆಫ್ರಿಕಾ. ಇಂಗ್ಲಿಷಿನಲ್ಲಿ ಬಾವೋಬಾಬ್, ಸೆಟ್ಸ್ವಾನಾದಲ್ಲಿ ‘ಮೊವಾನಾ’. ಹಿಂದಿನ ಕಾಲದ ವ್ಯಾಪಾರಿಗಳ ಜೊತೆ ಬೀಜ ಕಡಲು ದಾಟಿ ನಮ್ಮ ಕಡೆ ಬಂದಿರಬೇಕೆಂದು ತಿಳಿದವರು ಹೇಳುತ್ತಾರೆ. ಬಾಲ್ಯದಲ್ಲಿ ಸವಣೂರಿಗೆ ಹೋದಾಗಲೆಲ್ಲ ಆ ಮರಕ್ಕೆ ಕೈಮುಗಿದವಳು ನಾನು. ಇಲ್ಲಿ ಅದರ ನೆಂಟರಿಷ್ಟರೆಲ್ಲ ಸಾಲಾಗಿ ನಿಂತಿದ್ದರು. ಕೈ ತಾನಾಗಿ ಮುಗಿಯಿತು. ಪುಟ್ಟಿ ನನ್ನನ್ನು ನೋಡಿ, ತಾನೂ ಮುಗಿದಳು. ಜರ್ಮನಿಯ ಅಕ್ಕತಂಗಿಯರು ಯಾಕೆಂದು ಕೇಳಿದರು. ಉತ್ತರ ಹೇಳಿದವಳು ಪುಟ್ಟಿಯೇ: ‘ಇದು ನಮ್ಮ ಊರಿನ ಮರ.’ ಅವಳು ಸವಣೂರನ್ನು ಕಂಡೇ ಇಲ್ಲ.

ಈ ಮರಗಳು ಸಾವಿರ ವರ್ಷಕ್ಕೂ ಮೀರಿ ಬದುಕಬಲ್ಲವು. ಆದರೂ ಚಿರಂಜೀವಿಗಳಲ್ಲ. ಇದೇ ಗ್ವೇಟಾ ಸೀಮೆಯಲ್ಲಿ ಹಿಂದಿನ ಪ್ರಯಾಣಿಕರಿಗೆ ಗುರುತಿನ ಕಂಬದಂತಿದ್ದ ‘ಚಾಪ್‌ಮನ್ ಬಾವೋಬಾಬ್’ ಎಂಬ ಮಹಾವೃಕ್ಷ 2016ರ ಜನವರಿಯಲ್ಲಿ ಕುಸಿದು ಬಿತ್ತು. ಆಫ್ರಿಕಾದ ಅತಿ ಹಳೆಯ ಬಾವೋಬಾಬ್‌ಗಳಲ್ಲಿ ಹಲವು ಹನ್ನೆರಡೇ ವರ್ಷಗಳಲ್ಲಿ ಸತ್ತಿವೆ ಎಂದು ವಿಜ್ಞಾನಿಗಳು 2018ರಲ್ಲಿ ಬರೆದರು. ಬದಲಾಗುತ್ತಿರುವ ಹವಾಮಾನ ಕಾರಣವಿರಬಹುದೆಂಬ ಅನುಮಾನ ಅವರದು. ಮುದಿಮರಗಳ ಮಾತು ಬಂದಾಗ ಡಚ್ ಅಜ್ಜ ತನ್ನ ಮಂಡಿ ಸವರಿಕೊಂಡದ್ದನ್ನು ನೋಡಿದೆ. ನನ್ನ ಕೈಯೂ ನನ್ನ ಮಂಡಿಯ ಮೇಲೇ ಇತ್ತು!

ರಾತ್ರಿ ಊಟಕ್ಕೆ ಅಡುಗೆಯ ಹುಡುಗ ‘ಬೊಗೊಬೆ’ ಮಾಡಿದ. ‘ಮಬೆಲೆ’ ಹಿಟ್ಟಿನಿಂದ ಗಟ್ಟಿಯಾಗಿ ಕಾಸಿದ ಮುದ್ದೆ. ಮಬೆಲೆ ಎಂದರೆ ಯಾವುದೆಂದುಕೊಂಡಿರಿ? ನಮ್ಮ ಜೋಳ. ಜೊತೆಗೆ ಬೇಯಿಸಿದ ಸೊಪ್ಪು, ಅವರೆಯಂಥ ಕಾಳು. ಬೇರೆಯವರು ಚಮಚ ಹುಡುಕುವಾಗ ನಾನು ಕೈಯಲ್ಲೇ ಮುರಿದು ಸಾರಿಗೆ ಅದ್ದಿದೆ. ಅವನ ಮುಖ ಅರಳಿತು. ಜೋಳವನ್ನೂ ರಾಗಿಯನ್ನೂ ಮನುಷ್ಯ ಮೊದಲು ಬೆಳೆದದ್ದು ಆಫ್ರಿಕಾದಲ್ಲೇ. ಅವು ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದವು. ನಾವು ರೊಟ್ಟಿ ತಟ್ಟುವುದೂ ಮುದ್ದೆ ಕಟ್ಟುವುದೂ ಈ ಖಂಡ ಕೊಟ್ಟ ಕಾಳಿನಿಂದ. ಅಂದು ನೋಟ್‌ಬುಕ್ಕಿನಲ್ಲಿ ಮೂರು ಪದ ಏರಿದವು: ಮರ, ಜೋಳ, ಮುದ್ದೆ.

ಆನೆ ಹೋಗಲಿ, ಆಮೇಲೆ ನಾವು

ಹದಿಮೂರನೇ ದಿನ ಬೆಳಗಿನ ಐದಕ್ಕೆಲ್ಲ ಹೊರಟೆವು. ಆಗಸ್ಟ್ ಅಲ್ಲಿ ಚಳಿಗಾಲ, ಡೇರೆ ಮಡಚುವಾಗ ಬೆರಳು ಮರಗಟ್ಟುತ್ತವೆ. ನಾಟಾ ಎಂಬ ಊರಿನಿಂದ ಉತ್ತರಕ್ಕೆ ಕಸಾನೆಗೆ ಸುಮಾರು 300 ಕಿಲೋಮೀಟರ್. ನೆಟ್ಟಗಿನ ಡಾಂಬರು ರಸ್ತೆ, ಎರಡೂ ಕಡೆ ಕುರುಚಲು ಕಾಡು. ಬೇಲಿ ಇಲ್ಲ. ‘ಆನೆಗಳಿವೆ, ಎಚ್ಚರ’ ಎನ್ನುವ ಫಲಕಗಳು.

ಹತ್ತು ಗಂಟೆಯ ಸುಮಾರಿಗೆ ಚಾಲಕ ಎಂಜಿನ್ ಆರಿಸಿದ. ಕಾಡಿನಿಂದ ಒಂದು ಹೆಣ್ಣಾನೆ ಬಂದು ರಸ್ತೆಯ ನಡುವೆ ನಿಂತಿತು. ಸೊಂಡಿಲೆತ್ತಿ ನಮ್ಮ ವಾಸನೆ ಹಿಡಿಯಿತು. ಅದು ಹಾಗೆ ಅಡ್ಡ ನಿಂತಿರುವಾಗಲೇ ಹಿಂದಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳು, ಕಾಲುಗಳ ನಡುವೆ ಮರಿಗಳನ್ನು ಇಟ್ಟುಕೊಂಡು, ದಾಟಿದವು. ಕೊನೆಯ ಮರಿ ದಾಟಿದ ಮೇಲೆ ಆ ಹಿರಿಯಳು ಕಿವಿ ಒಮ್ಮೆ ಬೀಸಿ ಹೊರಟಳು. ಆ ಹತ್ತು ನಿಮಿಷ ಟ್ರಕ್ಕಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಬೋಟ್ಸ್ವಾನಾದಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟಿಲ್ಲ. ಭಾರತದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮ ಕರ್ನಾಟಕ, ಇಲ್ಲಿರುವುದು ಆರು ಸಾವಿರದ ಆಸುಪಾಸು. ಅಲ್ಲಿಯ ಆನೆಗೆ ಕಿವಿ ಬೀಸಣಿಗೆಯಷ್ಟು ದೊಡ್ಡದು, ಹೆಣ್ಣಿಗೂ ದಂತವಿರುತ್ತದೆ. ಸೊಂಡಿಲ ತುದಿಯಲ್ಲಿ ಬೆರಳಿನಂಥ ಮೊನೆಗಳು ಎರಡು. ನಮ್ಮ ಆನೆಗೆ ಒಂದೇ.

‘ಎಷ್ಟು ಚೆಂದ!’ ಎಂದರು ಎಲ್ಲರೂ. ಅಡುಗೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಅವನ ಅಮ್ಮ ಇರುವುದು ಚೋಬೆ ನದಿಯ ಕಡೆಯ ಹಳ್ಳಿಯಲ್ಲಿ. ಒಂದು ವರ್ಷ ಜೋಳ ಕಟಾವಿಗೆ ಬಂದಾಗ ಒಂದೇ ರಾತ್ರಿ ಆನೆಗಳು ಹೊಲವನ್ನೆಲ್ಲ ತಿಂದು ಹೋದವು. ‘ಆನೆ ನೋಡಲು ನೀವು ಬರುತ್ತೀರಿ, ಅದರಿಂದ ನನಗೆ ಸಂಬಳ. ಅದೇ ಆನೆ ಅಮ್ಮನ ಊಟ ಉಣ್ಣುತ್ತದೆ. ನಾನು ಯಾರ ಕಡೆ?’ ಎಂದ.

ಹಾಸನ, ಕೊಡಗಿನ ಕಾಫಿ ತೋಟದವರೂ ಇದನ್ನೇ ಕೇಳುತ್ತಾರಲ್ಲವೇ? ಅವನ ಪ್ರಶ್ನೆಗೆ ನಮ್ಮ ಯಾರ ಬಳಿಯೂ ಉತ್ತರವಿರಲಿಲ್ಲ. ಅವನ ಊರಿನವರು ಮಾಡುವ ಒಂದು ಉಪಾಯ ಮಾತ್ರ ನನಗೆ ಬಹಳ ಹಿಡಿಸಿತು. ಆನೆಯ ಲದ್ದಿಗೆ ಒಣಮೆಣಸಿನ ಪುಡಿ ಕಲಸಿ, ಬೆರಣಿ ಮಾಡಿ ಒಣಗಿಸಿ, ಗಾಳಿ ನೋಡಿಕೊಂಡು ಹೊಲದ ಅಂಚಿನಲ್ಲಿ ಸುಡುತ್ತಾರೆ. ಆ ಘಾಟಿಗೆ ಆನೆ ಹಿಂದಿರುಗುತ್ತದೆ. ಯಾರಿಗೂ ಗಾಯವಿಲ್ಲ. ‘ನಮ್ಮ ಬ್ಯಾಡಗಿ ಮೆಣಸಿನಕಾಯಿ ಕಳಿಸಲೇ?’ ಎಂದೆ. ಆಮೇಲೆ ನೆನಪಾಯಿತು, ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆನೆಗಳು ರುಚಿಯಾಗಿದೆ ಎಂದು ಇನ್ನಷ್ಟು ಬಂದಾವು!

ಬೇಲಿಯಿಲ್ಲದ ದ್ವೀಪ

ಕಸಾನೆ ಊರು ಚೋಬೆ ನದಿಯ ದಂಡೆಯಲ್ಲಿದೆ. ಸಂಜೆ ದೋಣಿಯಲ್ಲಿ ಹೊರಟೆವು. ನದಿಯ ನಡುವೆ ಒಂದು ಹುಲ್ಲಿನ ದ್ವೀಪವಿದೆ. ಬೋಟ್ಸ್ವಾನಾದವರು ಅದನ್ನು ಸೆಡುಡು ಎನ್ನುತ್ತಾರೆ, ಎದುರು ದಂಡೆಯ ನಮೀಬಿಯಾದವರು ಕಸಿಕಿಲಿ ಎನ್ನುತ್ತಾರೆ. ದ್ವೀಪ ಯಾರದೆಂದು ಎರಡು ದೇಶಗಳಿಗೂ ಜಗಳವಿತ್ತು. ಹಳೆಯ ಒಪ್ಪಂದದಲ್ಲಿ ಗಡಿ ನದಿಯ ಮುಖ್ಯ ಕವಲಿನಲ್ಲಿದೆ ಎಂದು ಬರೆದಿತ್ತು. ದ್ವೀಪದ ಎರಡೂ ಬದಿ ನೀರು ಹರಿಯುವಾಗ ಮುಖ್ಯ ಕವಲು ಯಾವುದು? ಇಬ್ಬರೂ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ತೀರ್ಪು ಬಂತು: ದ್ವೀಪ ಬೋಟ್ಸ್ವಾನಾದ್ದು, ಆದರೆ ಎರಡೂ ಕವಲುಗಳಲ್ಲಿ ಎರಡೂ ದೇಶದ ದೋಣಿಗಳು ಸಮಾನವಾಗಿ ಓಡಾಡಬಹುದು. ಇಬ್ಬರೂ ಒಪ್ಪಿದರು.

ನಾವು ನೋಡುತ್ತಿದ್ದಂತೆ ಆನೆಗಳ ಒಂದು ಗುಂಪು ಬೋಟ್ಸ್ವಾನಾದ ದಂಡೆಯಿಂದ ನೀರಿಗಿಳಿಯಿತು. ಆಳ ಬಂದಾಗ ಸೊಂಡಿಲುಗಳಷ್ಟೇ ಮೇಲೆ ಕಾಣುತ್ತಿದ್ದವು. ದೊಡ್ಡವು ಎರಡೂ ಬದಿ, ಮರಿ ನಡುವೆ. ದ್ವೀಪ ಹತ್ತಿ ಮೈ ಕೊಡವಿಕೊಂಡು ಹುಲ್ಲು ಮೇಯತೊಡಗಿದವು. ‘ಇವಕ್ಕೆ ಪಾಸ್‌ಪೋರ್ಟ್ ಕೇಳುವವರಿಲ್ಲ’ ಎಂದಳು ಪುಟ್ಟಿ, ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ. ಆನೆ ಅತ್ತ ಇರಲಿ, ನಾನು ಅವಳನ್ನೇ ನೋಡಿದೆ.

ಪ್ರಾಣಿಗಳ ಈ ಓಡಾಟಕ್ಕೆ ಅನುಕೂಲವಾಗಲೆಂದೇ ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಎಂಬ ಐದು ದೇಶಗಳು 2011ರಲ್ಲಿ ಒಂದು ಒಪ್ಪಂದ ಮಾಡಿಕೊಂಡು, ಗಡಿಗಳನ್ನು ಮೀರಿದ ಒಂದು ಮಹಾ ಸಂರಕ್ಷಣಾ ಪ್ರದೇಶವನ್ನು ಗುರುತಿಸಿವೆ. ಅದರ ವಿಸ್ತಾರ ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗೂ ಹೆಚ್ಚು.

ಗುಡುಗುವ ಹೊಗೆ

ಹದಿನಾಲ್ಕನೇ ದಿನ ಕಜುಂಗುಲಾ. ಚೋಬೆ ನದಿ ಜಾಂಬೆಜಿ ನದಿಗೆ ಸೇರುವ ಜಾಗ. ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆ, ನಮೀಬಿಯಾ ನಾಲ್ಕೂ ದೇಶಗಳು ಇಲ್ಲಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬರುತ್ತವೆ. ಹಿಂದೆ ಇಲ್ಲಿ ಲಾರಿಗಳು ತೆಪ್ಪದಂಥ ದೋಣಿಯಲ್ಲಿ ನದಿ ದಾಟಲು ದಿನಗಟ್ಟಲೆ ಕಾಯುತ್ತಿದ್ದವು. 2021ರ ಮೇ ತಿಂಗಳಲ್ಲಿ 923 ಮೀಟರ್ ಉದ್ದದ ಸೇತುವೆ ತೆರೆಯಿತು. ಅದು ನೆಟ್ಟಗಿಲ್ಲ, ಪಕ್ಕದ ದೇಶದ ಗಡಿ ತಾಗದಂತೆ ಬಿಲ್ಲಿನಂತೆ ಬಾಗಿದೆ. ನಾವು ಸೇತುವೆ ದಾಟದೆ ಜಿಂಬಾಬ್ವೆಯ ಗಡಿಠಾಣೆಗೆ ಹೋಗಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಮುಂದೆ ಸಾಗಿದೆವು.

ವಿಕ್ಟೋರಿಯಾ ಫಾಲ್ಸ್ ಊರಿಗೆ ಬಂದಾಗ ಮಧ್ಯಾಹ್ನ. ಬೀದಿಯಲ್ಲಿ ಹುಡುಗರು ಹಳೆಯ ನೋಟುಗಳನ್ನು ಮಾರುತ್ತಿದ್ದರು. 2009ರಲ್ಲಿ ಜಿಂಬಾಬ್ವೆ ಅಚ್ಚು ಹಾಕಿದ ಒಂದು ನೋಟಿನಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆ! ಅಂದರೆ ನೂರು ಲಕ್ಷ ಕೋಟಿ ಡಾಲರ್. ಬೆಲೆಗಳು ಹುಚ್ಚೆದ್ದು ಏರಿದ್ದ ಕಾಲ ಅದು. ಈಗ ಆ ನೋಟು ಪ್ರವಾಸಿಗರ ನೆನಪಿನ ಕಾಣಿಕೆ. ಪುಟ್ಟಿ ಸೊನ್ನೆ ಎಣಿಸಿ ನಕ್ಕಳು. ‘ಆ ಕಾಲದಲ್ಲಿ ನನ್ನ ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಹಣ ಕಾಗದವಾಯಿತು’ ಎಂದ ಚಾಲಕ. ಅವಳು ನಗು ನಿಲ್ಲಿಸಿದಳು.

ಜಲಪಾತ ಕಣ್ಣಿಗೆ ಬೀಳುವ ಮೊದಲೇ ಅದರ ಹೊಗೆ ಕಾಣುತ್ತದೆ. ಆಮೇಲೆ ಸದ್ದು. ಸ್ಥಳೀಯರು ಇಟ್ಟ ಹೆಸರು ‘ಮೋಸಿ-ಓವಾ-ತೂನ್ಯಾ’, ಗುಡುಗುವ ಹೊಗೆ. 1855ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದ ಡೇವಿಡ್ ಲಿವಿಂಗ್‌ಸ್ಟನ್ ತಮ್ಮ ರಾಣಿಯ ಹೆಸರಿಟ್ಟರು. ಸ್ಥಳೀಯರ ಹೆಸರೇ ನನಗೆ ಹೆಚ್ಚು ಒಪ್ಪುವುದು.

ನಮ್ಮ ಜೋಗಕ್ಕೆ ಎತ್ತರ 253 ಮೀಟರ್. ಇದಕ್ಕೆ 108 ಮೀಟರ್ ಮಾತ್ರ. ಆದರೆ ಅಗಲ 1,708 ಮೀಟರ್! ಒಂದು ಮೈಲಿಗೂ ಉದ್ದದ ನೀರಿನ ಗೋಡೆ. ಅಗಲವಾದ ನದಿ ನೆಲದ ಒಂದು ಕಿರಿದಾದ ಬಿರುಕಿಗೆ ಧುಮುಕುತ್ತದೆ. ಎದುರಿನ ದಂಡೆಯಲ್ಲಿ ನಾವು ನಿಲ್ಲುವುದರಿಂದ ಗೋಡೆ ಮುಖಕ್ಕೆ ಮುಖ ಕೊಟ್ಟು ನಿಂತಂತೆ ಇರುತ್ತದೆ. ಕರಿಕಲ್ಲಿನ ಬಿರುಕುಗಳನ್ನು ಕೊರೆಯುತ್ತ ಜಲಪಾತ ಸಾವಿರಾರು ವರ್ಷಗಳಿಂದ ಹಿಂದೆ ಹಿಂದೆ ಸರಿಯುತ್ತ ಬಂದಿದೆ. ಕೆಳಗಿರುವ ಅಂಕುಡೊಂಕು ಕಮರಿಗಳೆಲ್ಲ ಒಂದೊಂದು ಕಾಲದಲ್ಲಿ ಜಲಪಾತವೇ ಇದ್ದ ಜಾಗಗಳು. ತುಂತುರು ಮೇಲೆದ್ದು ಮತ್ತೆ ಮಳೆಯಾಗಿ ಬೀಳುವುದರಿಂದ ಆ ದಂಡೆಯಲ್ಲಿ ಮಾತ್ರ ವರ್ಷವಿಡೀ ಹಸಿರು ಕಾಡು. ಸುತ್ತಲಿನ ನಾಡು ಒಣಗಿ ನಿಂತ ಆಗಸ್ಟ್‌ನಲ್ಲೂ ನಾವು ತೊಯ್ದು ತೊಪ್ಪೆಯಾದೆವು. ಕಾಮನಬಿಲ್ಲು ಕಾಲ ಬುಡದಲ್ಲೇ ಇತ್ತು.

ಕಮರಿಯ ಮೇಲೆ 1905ರಲ್ಲಿ ಕಟ್ಟಿದ ಉಕ್ಕಿನ ಸೇತುವೆ ಇಂದಿಗೂ ರೈಲು ಹೊರುತ್ತದೆ. ಅದರ ಆಚೆ ತುದಿ ಜಾಂಬಿಯಾ. ಕೆಳಗೆ ಜಾಂಬೆಜಿ ಮುಂದೆ ಓಡುತ್ತದೆ, ಮೊಜಾಂಬಿಕ್ ದಾಟಿ ಹಿಂದೂ ಮಹಾಸಾಗರಕ್ಕೆ.

‘ಈ ನೀರು ಸಮುದ್ರಕ್ಕೆ ಹೋಗ್ತದಾ?’ ಎಂದಳು ಪುಟ್ಟಿ.

‘ಹೋಗ್ತದ. ಅದೇ ಸಮುದ್ರದ ಆಚೆ ದಂಡೆ ನಮ್ಮದು.’

ಅವಳು ಬಹಳ ಹೊತ್ತು ಕೆಳಗೆ ನೋಡುತ್ತ ನಿಂತಳು.

ಹೋಗಿ ಬರುವುದು

ಕೊನೆಯ ರಾತ್ರಿ ಚಾಲಕ ತನ್ನ ನಾಡಿನ ಸಡ್ಜಾ ಮಾಡಿಸಿದ, ಬಿಳಿ ಮೆಕ್ಕೆಜೋಳದ ಮುದ್ದೆ. ಈ ಸಲ ಹದಿನಾರು ಮಂದಿಯೂ ಕೈಯಲ್ಲೇ ಉಂಡರು. ಕೊನೆಯ ಸಲ ಸಾಲಾಗಿ ನಿಂತು ತಟ್ಟೆ ಬೀಸಿದೆವು. ತಟ್ಟೆ ಒಣಗಿದ ಮೇಲೂ ಯಾರೂ ಬೇಗ ನಿಲ್ಲಿಸಲಿಲ್ಲ.

ಬೆಳಿಗ್ಗೆ ಡೇರೆ ಮಡಚಿ ಖಾನೆಗೆ ಇಟ್ಟೆವು. ಬಾಗಿಲಿನ ಪಟ್ಟಿಯನ್ನು ಅಡುಗೆಯ ಹುಡುಗ ತೆಗೆದ. ನಾಳೆ ಅಲ್ಲಿ ಬೇರೆ ಹೆಸರುಗಳು. ಕೊರಿಯಾದ ಹುಡುಗ ಜಾಂಬಿಯಾಕ್ಕೆ ಹೊರಟ, ಅಕ್ಕತಂಗಿಯರು ಬರ್ಲಿನ್‌ಗೆ, ಡಚ್ ಅಜ್ಜ ಅಜ್ಜಿ ಇನ್ನೂ ಎರಡು ದಿನ ಅಲ್ಲೇ. ಓಕವಾಂಗೋ ನದಿಯ ಹಾಗೆ ನಮ್ಮ ಟ್ರಕ್ಕಿನ ಮನೆಯೂ ಹಂಚಿ ಹೋಯಿತು.

ಪುಟ್ಟಿಯನ್ನು ಕರೆದೊಯ್ಯಲು ಮಗ ಬಂದಿದ್ದ. ನಾನು ಜೊಹಾನೆಸ್‌ಬರ್ಗ್ ಮೂಲಕ ಊರಿಗೆ. ಸೆಟ್ಸ್ವಾನಾದಲ್ಲಿ ಬೀಳ್ಕೊಡುಗೆಗೆ ಎರಡು ಮಾತುಗಳಿವೆ. ಹೊರಡುವವರು ಉಳಿಯುವವರಿಗೆ ‘ಸಾಲಾ ಸೆಂಟ್ಲೆ’ ಎನ್ನುತ್ತಾರೆ, ಚೆನ್ನಾಗಿ ಇರಿ ಎಂದು. ಉಳಿಯುವವರು ಹೊರಡುವವರಿಗೆ ‘ತ್ಸಮಾಯಾ ಸೆಂಟ್ಲೆ’, ಚೆನ್ನಾಗಿ ಹೋಗಿ ಎಂದು. ಅಡುಗೆಯ ಹುಡುಗನಿಗೆ ನಾನು ಮೊದಲನೆಯದನ್ನು ಹೇಳಿದೆ, ಅವನು ಎರಡನೆಯದನ್ನು.

ವಿಮಾನ ನಿಲ್ದಾಣದಲ್ಲಿ ಪುಟ್ಟಿ ನೋಟ್‌ಬುಕ್ ತೆರೆದಳು. ‘ಅಜ್ಜಿ, ನೀನೂ ಹೋಗ್ತೀ, ನಾನೂ ಹೋಗ್ತೀನಿ. ಇಬ್ಬರೂ ತ್ಸಮಾಯಾ ಸೆಂಟ್ಲೆ ಅನ್ನಬೇಕು. ಕನ್ನಡದಲ್ಲಿ ಏನು?’

‘ಹೋಗ್ತೀನಿ ಅಂತ ನಾವು ಅನ್ನೋದಿಲ್ಲ ಪುಟ್ಟಿ. ಹೋಗಿ ಬರ್ತೀನಿ ಅಂತೀವಿ.’

ಅವಳು ನಿಧಾನವಾಗಿ ಬರೆದಳು. ‘ಬರ್ತೀನಿ’ಯ ರೇಫ ಎಲ್ಲಿ ಹಾಕಬೇಕೆಂದು ಒಂದು ಸಲ ಕೇಳಿದಳು. ಆಮೇಲೆ ಪುಸ್ತಕ ಮುಚ್ಚಿ, ನೋಡದೆಯೇ ಹೇಳಿದಳು. ನಾನೂ ಅದನ್ನೇ ಹೇಳಿ ಒಳಗೆ ನಡೆದೆ.